ಮೊದಲ ಪುಟವಿಲ್ಲದ ಕಥೆ

ಕೋರ್ಟು ಕಚೇರಿಯ ಕಾದಂಬರಿಗಳಿಗೆ ನಮ್ಮ ಸಾಹಿತ್ಯವಲಯದಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ರೈಲಿನಲ್ಲಿ ಓದಿ, ಇಳಿಯುವಾಗ ಸೀಟಿನ ಮೇಲೆ ಬಿಟ್ಟುಹೋಗುವ ಪುಸ್ತಕಗಳು ಅವು ಎಂದು ತಿಳಿದವರು ಮೂಗು ಮುರಿಯುತ್ತಾರೆ. ಹೈಸ್ಕೂಲಿನಲ್ಲಿ ಸಮಾಜ ಮತ್ತು ಇಂಗ್ಲಿಷ್ ಪಾಠ ಹೇಳುವ ನನಗೆ ಮಾತ್ರ ಅವುಗಳ ಮೇಲೆ ಒಂದು ಬಗೆಯ ಅಕ್ಕರೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುವವಳು ನಾನು. ಆ ವಾಕ್ಯ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಒಳ್ಳೆಯ ಕೋರ್ಟು ಕಾದಂಬರಿ ಹೇಳುತ್ತದೆ.

ಜಾನ್ ಗ್ರಿಶಮ್ ಅವರ ಮೊದಲ ಕಾದಂಬರಿ 'ಎ ಟೈಮ್ ಟು ಕಿಲ್' 1989ರಲ್ಲಿ ಬಂದದ್ದು. ಆಗ ಅವರು ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ವಕೀಲರು. ಕೋರ್ಟಿನಲ್ಲಿ ಒಬ್ಬ ಬಾಲಕಿ ತನ್ನ ಮೇಲಾದ ಅತ್ಯಾಚಾರದ ಬಗ್ಗೆ ಸಾಕ್ಷಿ ನುಡಿಯುವುದನ್ನು ಕೇಳಿ, ಇವಳ ಅಪ್ಪನೇ ಅಪರಾಧಿಯನ್ನು ಕೊಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂದು ಈ ಕಥೆ ಹುಟ್ಟಿತಂತೆ. ಮೊದಲ ಮುದ್ರಣ 5,000 ಪ್ರತಿ. ಅದರಲ್ಲಿ 1,000 ಪ್ರತಿಗಳನ್ನು ಲೇಖಕರೇ ಕೊಂಡು ಮಾರಿಕೊಂಡರು.

ಕಥೆ ಸರಳ. ಹತ್ತು ವರ್ಷದ ಕಪ್ಪು ಹುಡುಗಿ ಟೋನ್ಯಾಳ ಮೇಲೆ ಇಬ್ಬರು ಬಿಳಿಯರು ಅತ್ಯಾಚಾರ ಮಾಡುತ್ತಾರೆ. ಅವಳ ತಂದೆ ಕಾರ್ಲ್ ಲೀ ಬಂದೂಕು ಸಂಪಾದಿಸಿ, ಕೋರ್ಟಿನೊಳಗೇ ಹೊಂಚುಹಾಕಿ, ವಿಚಾರಣೆಗೆ ಬಂದ ಇಬ್ಬರನ್ನೂ ಕೊಲ್ಲುತ್ತಾನೆ. ಜೊತೆಗಿದ್ದ ಪೊಲೀಸನೊಬ್ಬ ಕಾಲು ಕಳೆದುಕೊಳ್ಳುತ್ತಾನೆ. ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದವನನ್ನು ಉಳಿಸಲು ಅವನ ವಕೀಲ ಜೇಕ್ ಬ್ರಿಗನ್ಸ್‌ಗೆ ಇರುವುದು ಒಂದೇ ದಾರಿ: ಆ ಗಳಿಗೆಯಲ್ಲಿ ಅವನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ವಾದಿಸುವುದು. ಅದು ನಿಜವಲ್ಲವೆಂದು ವಕೀಲನಿಗೂ ಗೊತ್ತು, ಓದುವ ನಮಗೂ ಗೊತ್ತು. ಆದರೂ ಆ ಸುಳ್ಳು ಗೆಲ್ಲಲಿ ಎಂದು ಉಸಿರು ಬಿಗಿಹಿಡಿದು ಪುಟ ಮಗುಚುತ್ತೇವೆ. ಕೊನೆಗೆ ಜ್ಯೂರಿಯಲ್ಲಿ ಕುಳಿತ ಹನ್ನೆರಡು ಬಿಳಿಯರು ಅವನನ್ನು ಬಿಡುಗಡೆ ಮಾಡುತ್ತಾರೆ. ಆ ಹುಡುಗಿ ಬಿಳಿಯಳಾಗಿದ್ದರೆ ಎಂದು ಕಣ್ಣುಮುಚ್ಚಿ ಕಲ್ಪಿಸಿಕೊಳ್ಳಿ ಎಂಬ ಮಾತು ಅವರ ಮನಸ್ಸನ್ನು ತಿರುಗಿಸುತ್ತದೆ. 1996ರ ಸಿನಿಮಾದಲ್ಲಿ ಈ ಮಾತನ್ನು ನಾಯಕ ವಕೀಲನ ಬಾಯಲ್ಲಿ ಹೇಳಿಸಿದ್ದಾರೆ. ಕಾದಂಬರಿಯಲ್ಲಿ ಅದನ್ನು ಹೇಳುವವಳು ಜ್ಯೂರಿಯ ಒಬ್ಬ ಹೆಂಗಸು, ಅದೂ ಬಾಗಿಲು ಹಾಕಿದ ಕೋಣೆಯೊಳಗೆ. ಕಾದಂಬರಿಯೇ ಸರಿ ಎಂದು ನನ್ನ ಮತ. ಆತ್ಮಸಾಕ್ಷಿ ಭಾಷಣ ಕೇಳಿ ಎಚ್ಚರಗೊಳ್ಳುವುದಕ್ಕಿಂತ ಪಕ್ಕದ ಕುರ್ಚಿಯವರ ಮಾತಿಗೆ ಎಚ್ಚರಗೊಳ್ಳುವುದೇ ಹೆಚ್ಚು.

ಇಷ್ಟು ಮೆಚ್ಚಿದ ಪುಸ್ತಕದಲ್ಲಿ ನನ್ನನ್ನು ಕಾಡುವುದು ಅದರ ಮೊದಲ ಪುಟ. ಗ್ರಿಶಮ್ ಕಾದಂಬರಿಯನ್ನು ಆರಂಭಿಸುವುದೇ ಆ ಘೋರ ಕೃತ್ಯದಿಂದ. ಯಾರು ಮಾಡಿದರು, ಹೇಗೆ ಮಾಡಿದರು ಎಂಬುದನ್ನು ನಾವು ಕಣ್ಣಾರೆ ಕಂಡಂತಾಗುತ್ತದೆ. ಹಾಗಾಗಿ ಕಾರ್ಲ್ ಲೀ ತಪ್ಪು ಮನುಷ್ಯರನ್ನು ಕೊಂದನೇ ಎಂಬ ಸಂಶಯಕ್ಕೆ ಎಡೆಯೇ ಇಲ್ಲ. ನಮ್ಮ ಕೋಪ ಎಳ್ಳಷ್ಟೂ ಅಳುಕಿಲ್ಲದ ಕೋಪ. ಈ ಖಾತ್ರಿ ಕಾದಂಬರಿಕಾರ ಮಾತ್ರ ಕೊಡಬಲ್ಲ. ಯಾವ ನ್ಯಾಯಾಧೀಶನ ಎದುರಿಗೂ ಮೊದಲ ಪುಟ ಇರುವುದಿಲ್ಲ. ಅವನಿಗೆ ಸಿಗುವುದು ಎರಡನೆಯ ಪುಟದಿಂದ ಮುಂದಿನದು: ಪಂಚನಾಮೆ, ಸಾಕ್ಷಿ, ಪಾಟೀಸವಾಲು.

ಇದರ ಪಕ್ಕದಲ್ಲಿ ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' (1960) ಇಟ್ಟು ನೋಡಿ. ಅದೂ ಅಮೆರಿಕದ ದಕ್ಷಿಣದ್ದೇ, ಅಲಬಾಮಾದ ಕಥೆ. ಅಲ್ಲಿಯೂ ಅತ್ಯಾಚಾರದ ಆರೋಪ, ಅಲ್ಲಿಯೂ ಬಿಳಿಯರ ಜ್ಯೂರಿ. ಆದರೆ ಘಟನೆಯನ್ನು ಲೇಖಕಿ ನಮಗೆ ತೋರಿಸುವುದೇ ಇಲ್ಲ. ಪುಟ್ಟ ಸ್ಕೌಟ್ ಜೊತೆ ಕೋರ್ಟಿನ ಮಹಡಿಯಲ್ಲಿ ಕುಳಿತು ಸಾಕ್ಷಿಗಳನ್ನು ಕೇಳಿಯೇ ನಾವು ತಿಳಿಯಬೇಕು. ಹುಡುಗಿಯ ಮುಖದ ಬಲಭಾಗಕ್ಕೆ ಏಟು ಬಿದ್ದಿದೆ, ಹೊಡೆದವನು ಎಡಚನಿರಬೇಕು. ಆರೋಪಿ ಟಾಮ್ ರಾಬಿನ್ಸನ್‌ನ ಎಡಗೈ ಊನ. ಹುಡುಗಿಯ ತಂದೆಯೇ ಎಡಚ. ಲೆಕ್ಕದ ಮೇಷ್ಟರು ಹಲಗೆಯ ಮೇಲೆ ಬಿಡಿಸಿ ತೋರಿಸಿದ ಹಾಗೆ ಸತ್ಯ ತೆರೆದುಕೊಳ್ಳುತ್ತದೆ. ಆದರೂ ಜ್ಯೂರಿ ಅವನೇ ಅಪರಾಧಿ ಎನ್ನುತ್ತದೆ. ಗ್ರಿಶಮ್ ನಮಗೆ ಕೋಪವನ್ನು ಕೊಡುತ್ತಾರೆ, ಲೀ ನಮಗೆ ಕೇಳಿಸಿಕೊಳ್ಳುವುದನ್ನು ಕಲಿಸುತ್ತಾರೆ.

ಹಾಗೆಂದು ಲೀ ಅವರೂ ಕೊನೆಯವರೆಗೆ ಕೋರ್ಟಿನಲ್ಲೇ ನಿಲ್ಲುವುದಿಲ್ಲ. ಮಕ್ಕಳ ಪ್ರಾಣ ಉಳಿಸಲು ಬೂ ರಾಡ್ಲಿ ಒಬ್ಬನನ್ನು ಕೊಂದಾಗ, ಊರಿನ ಶೆರಿಫ್ ಅದನ್ನು ಮುಚ್ಚಿಹಾಕುತ್ತಾನೆ. ನ್ಯಾಯನಿಷ್ಠ ವಕೀಲ ಆಟಿಕಸ್ ಕೂಡ ಒಪ್ಪುತ್ತಾನೆ. ಬೂ ಎಂಥವನೆಂದು ನಮಗೆ ಗೊತ್ತಿರುವುದರಿಂದ ನಾವೂ ಒಪ್ಪುತ್ತೇವೆ. ಮತ್ತೆ ಅದೇ ಮೊದಲ ಪುಟದ ಖಾತ್ರಿ! ಇಂದು ಕರುಣೆಯಿಂದ ಮುಚ್ಚಿಹಾಕಿದ ಶೆರಿಫ್ ನಾಳೆ ದ್ವೇಷದಿಂದ ಮುಚ್ಚಿಹಾಕಿದರೆ?

ಇದು ಬರಿಯ ಊಹೆಯಲ್ಲ. ಗ್ರಿಶಮ್ ಕಥೆ ನಡೆಯುವ ಮಿಸಿಸಿಪಿಯಲ್ಲೇ 1955ರಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು. ಹನ್ನೆರಡು ಬಿಳಿಯ ಗಂಡಸರ ಜ್ಯೂರಿ 67 ನಿಮಿಷಗಳಲ್ಲಿ ಇಬ್ಬರು ಆರೋಪಿಗಳನ್ನು ಖುಲಾಸೆ ಮಾಡಿತು. ಮರುವರ್ಷ ಅವರಿಬ್ಬರೂ ದುಡ್ಡು ಪಡೆದು ಪತ್ರಿಕೆಯೊಂದರಲ್ಲಿ ತಾವೇ ಕೊಂದೆವೆಂದು ಹೇಳಿಕೊಂಡರು. ಒಮ್ಮೆ ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿಲ್ಲವಾದ್ದರಿಂದ ಕಾನೂನು ಕೈಕಟ್ಟಿ ಕುಳಿತಿತು. ಆ ಹನ್ನೆರಡು ಮಂದಿಯೂ ಸಾಕ್ಷ್ಯ ಬದಿಗಿಟ್ಟು ಮನಸ್ಸು ಹೇಳಿದಂತೆ ಕೇಳಿದವರೇ. ಕಾರ್ಲ್ ಲೀಯನ್ನು ಬಿಟ್ಟ ಬಾಗಿಲು ಮತ್ತು ಎಮೆಟ್ ಟಿಲ್‌ನ ಕೊಲೆಗಾರರನ್ನು ಬಿಟ್ಟ ಬಾಗಿಲು ಬೇರೆ ಬೇರೆಯಲ್ಲ.

ನಮ್ಮ ದೇಶದಲ್ಲಿ ಈಗ ಜ್ಯೂರಿ ಇಲ್ಲ. ಆದರೆ ಟಿವಿಯ ಮುಂದೆ ನಾವೆಲ್ಲರೂ ಜ್ಯೂರಿಯೇ. 2019ರ ನವೆಂಬರಿನಲ್ಲಿ ಹೈದರಾಬಾದಿನ ಹತ್ತಿರ ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ನಡೆದು ಕೊಲೆಯಾಯಿತು. ಡಿಸೆಂಬರ್ 6ರ ಬೆಳಗ್ಗೆ, ವಿಚಾರಣೆ ಶುರುವಾಗುವ ಮೊದಲೇ, ನಾಲ್ವರು ಆರೋಪಿಗಳೂ ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವಿನ ಪಕಳೆ ಸುರಿದರು. ನಮ್ಮ ಸ್ಟಾಫ್ ರೂಮಿಗೂ ಪೇಡ ಬಂತು. ಹೆಣ್ಣುಮಕ್ಕಳಿಗೆ ಪಾಠ ಹೇಳುವವರಿಗೆ ಆ ಸಂತೋಷ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. ಅಂದು ಹತ್ತನೆಯ ತರಗತಿಯಲ್ಲಿ ಎಲ್ಲರೂ ಸರಿಯಾಯಿತೆಂದು ಚಪ್ಪಾಳೆ ತಟ್ಟುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಅವರೇ ಮಾಡಿದ್ದು ಅಂತ ಯಾರು ನೋಡಿದ್ರು?" ಎಂದಳು. ಇಡೀ ತರಗತಿ ಅವಳ ಕಡೆ ತಿರುಗಿ ದುರುಗುಟ್ಟಿತು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು ಎಂದು ಅದು ಹೇಳಿತು. ಆ ನಾಲ್ವರ ಮೇಲಿನ ಆರೋಪಕ್ಕೆ ಪುರಾವೆ ಎಷ್ಟು ಗಟ್ಟಿಯಾಗಿತ್ತೆಂದು ಇನ್ನು ಯಾವ ಕೋರ್ಟೂ ತೂಗಿ ನೋಡಲಾರದು. ಸತ್ತ ಆ ಹೆಣ್ಣುಮಗಳಿಗೂ ಪೂರ್ಣ ಸತ್ಯ ದಕ್ಕಲಿಲ್ಲ.

ಇಷ್ಟಾದರೂ ಗ್ರಿಶಮ್ ಪುಸ್ತಕವನ್ನು ಓದಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಗಳ ಅಪ್ಪನ ಎದೆಯುರಿ ಏನೆಂದು ಬಲ್ಲದ ಕಾನೂನು ಬರಿಯ ಕಾಗದ. ಆ ಉರಿಯನ್ನು ಗ್ರಿಶಮ್ ಸುಳ್ಳಿಲ್ಲದೆ ಬರೆದಿದ್ದಾರೆ. ಆದರೆ ಅದನ್ನು ಓದಿದವರು ಹಾರ್ಪರ್ ಲೀಯ ಕೋರ್ಟಿನ ಅಧ್ಯಾಯಗಳನ್ನೂ ಓದಲಿ ಎನ್ನುತ್ತೇನೆ. ಕಾದಂಬರಿಯ ಓದುಗರಾಗಿ ನಮಗೆ ಮೊದಲ ಪುಟ ಸಿಗಬಹುದು, ನಾಗರಿಕರಾಗಿ ಎಂದೂ ಸಿಗುವುದಿಲ್ಲ. ಸಿಗದವರು ಕೇಳಬೇಕಾದ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಹದಿನೈದು ವರ್ಷದ ಹುಡುಗಿ ಕೇಳಿದಳು. ಅವಳಿಗೆ ಯಾರೂ ಪೇಡ ಕೊಡಲಿಲ್ಲ.