ಫರೋಹನ ತರ್ಕ: ದೇವಲಿ ಶಿಬಿರದ ಕಥನವನ್ನು ಓದುತ್ತಾ

ಯುದ್ಧಕಾಲದಲ್ಲಿ ಅನ್ಯಮೂಲದವರನ್ನು ಸೆರೆಯಲ್ಲಿಡುವುದಕ್ಕೆ ಸರಕಾರಗಳು ಕೊಡುವ ಕಾರಣ ಹೊಸದಲ್ಲ. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಫರೋಹನು ಅದನ್ನೇ ಮುಂದಿಡುತ್ತಾನೆ: ಯುದ್ಧವೊದಗಿದರೆ ಇಸ್ರಾಯೇಲ್ಯರು ವೈರಿಗಳ ಪಕ್ಷ ಸೇರಿಯಾರು. ಅವರು ಅದುವರೆಗೆ ಮಾಡಿದ ತಪ್ಪೇನೆಂದು ಅವನು ಹೇಳುವುದಿಲ್ಲ. ಮುಂದೇನು ಮಾಡಬಹುದೆಂಬ ಭಯವೇ ಅವನಿಗೆ ಸಾಕ್ಷಿ. ಜಾಯ್ ಮಾ ಮತ್ತು ದಿಲೀಪ್ ಡಿಸೋಜಾ ಅವರು ಇಂಗ್ಲಿಷಿನಲ್ಲಿ ಬರೆದ ‘ದಿ ದೇವಲಿವಾಲಾಸ್’ (2020) ಕೃತಿಯನ್ನು ಓದುವಾಗ ಈ ವಚನಭಾಗವು ನಮ್ಮನ್ನು ಬಿಡದೆ ಕಾಡಿತು.

1962ರ ಅಕ್ಟೋಬರ್ 20ರಂದು ಆರಂಭವಾದ ಭಾರತ-ಚೀನಾ ಯುದ್ಧವು ಒಂದು ತಿಂಗಳಲ್ಲಿ ನಿಂತಿತು. ಆದರೆ ಅಸ್ಸಾಂ, ಪಶ್ಚಿಮ ಬಂಗಾಳ ಮೊದಲಾದ ಕಡೆಗಳಲ್ಲಿ ನೆಲೆಸಿದ್ದ ಸುಮಾರು 3,000 ಮಂದಿ ಚೀನೀ ಮೂಲದವರನ್ನು ವಿಚಾರಣೆಯಿಲ್ಲದೆ ಹಿಡಿದು, ರೈಲಿನಲ್ಲಿ ರಾಜಸ್ಥಾನದ ದೇವಲಿಗೆ ಸಾಗಿಸಲಾಯಿತು. ವೃದ್ಧರೂ ಮಕ್ಕಳೂ ಅವರಲ್ಲಿದ್ದರು. ಕೆಲವರ ಸೆರೆವಾಸ ವರ್ಷಗಟ್ಟಲೆ ಮುಂದುವರಿಯಿತು. ಜಾಯ್ ಮಾ ಹುಟ್ಟಿದ್ದೇ ಆ ಶಿಬಿರದಲ್ಲಿ. ಬ್ರಿಟಿಷ್ ಆಳ್ವಿಕೆಯಲ್ಲಿ ಜಯಪ್ರಕಾಶ ನಾರಾಯಣರಂಥ ರಾಜಕೀಯ ಬಂದಿಗಳನ್ನು ಇರಿಸಿದ್ದ ದೇವಲಿಯನ್ನೇ ಸ್ವತಂತ್ರ ಭಾರತವೂ ಸೆರೆಮನೆಯಾಗಿ ಬಳಸಿತೆಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ.

ಶಿಬಿರದಲ್ಲಿದ್ದವರ ಬಾಯಿಂದಲೇ ಬಂದ ಸಾಕ್ಷ್ಯಗಳು ಕೃತಿಯ ದೊಡ್ಡ ಬಲ. ಆದರೆ ಸರಕಾರದ ವಾದವನ್ನು ಅದರ ಅತ್ಯಂತ ಸಮರ್ಥ ರೂಪದಲ್ಲಿ ಎದುರುಗೊಳ್ಳುವ ಕೆಲಸ ಇನ್ನಷ್ಟು ಆಗಬೇಕಿತ್ತೆಂದು ನಮಗೆ ತೋರುತ್ತದೆ. ಓದುಗರ ಮರುಕವನ್ನು ಗಳಿಸುವುದರಿಂದ ಮಾತ್ರ ಆ ವಾದ ಸೋಲದು.

ಆ ವಾದಕ್ಕೆ ಸಾಮಾನ್ಯವಾಗಿ ಎರಡು ಮುಖಗಳು. ಮೊದಲನೆಯದು ರಾಷ್ಟ್ರದ ಭದ್ರತೆ. ಗೂಢಚರ್ಯೆಯನ್ನು ತಡೆಯುವುದು ಅಧಿಕಾರಿಗಳ ಕರ್ತವ್ಯವೆಂಬುದನ್ನು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಓದುವ ನಾವು ಅಲ್ಲಗಳೆಯಲಾರೆವು. ಆದರೆ ಅದೇ ಅಧ್ಯಾಯವು ದಂಡನೆಯನ್ನು ಕೆಟ್ಟದ್ದು ಮಾಡಿದವನಿಗೆ ಸೇರಿಸುತ್ತದೆಯೇ ಹೊರತು ಇಂಥ ಕುಲದಲ್ಲಿ ಹುಟ್ಟಿದವನಿಗಲ್ಲ. ಒಬ್ಬೊಬ್ಬರನ್ನಾಗಿ ವಿಚಾರಿಸುವುದು ಅಸಾಧ್ಯವೂ ಅಲ್ಲ: 1939ರಲ್ಲಿ ಬ್ರಿಟನ್ ತನ್ನಲ್ಲಿದ್ದ ಜರ್ಮನರನ್ನೂ ಆಸ್ಟ್ರಿಯನರನ್ನೂ ನ್ಯಾಯಮಂಡಳಿಗಳ ಮುಂದೆ ಕರೆಸಿ ವಿಂಗಡಿಸಿತು. 1940ರಲ್ಲಿ ಭೀತಿ ಹೆಚ್ಚಿದಾಗ, ಅಪಾಯವಿಲ್ಲವೆಂದು ತಾನೇ ತೀರ್ಮಾನಿಸಿದ್ದವರಲ್ಲಿಯೂ ಸಾವಿರಾರು ಜನರನ್ನು ಸೆರೆಹಿಡಿಯಿತು. ಅಲ್ಲಿ ಬದಲಾದದ್ದು ಸೆರೆಯಾದವರ ನಡತೆಯಲ್ಲ, ಸೆರೆಹಿಡಿದವರ ಮನಸ್ಸು.

ಎರಡನೆಯದು ರಕ್ಷಣೆಯ ಮಾತು: ಉದ್ರಿಕ್ತ ಜನರಿಂದ ಅವರನ್ನು ಕಾಪಾಡಲೆಂದೇ ಶಿಬಿರ. ಕಲ್ಲೆಸೆಯುವವನನ್ನು ಬಿಟ್ಟು ಕಲ್ಲೇಟು ತಿನ್ನುವವನನ್ನು ಬಂಧಿಸುವುದು ಯಾವ ನ್ಯಾಯ? ಯೆರೆಮೀಯನನ್ನೂ ಬೆನ್ಯಾಮೀನ್ ಬಾಗಿಲಲ್ಲಿ ಹಿಡಿದದ್ದು ಕಸ್ದೀಯರ ಪಕ್ಷ ಸೇರಲು ಹೊರಟವನೆಂಬ ಗುಮಾನಿಯ ಮೇಲೆಯೇ. ಅವನು ಅಲ್ಲವೆಂದರೂ ಯಾರೂ ಕೇಳಲಿಲ್ಲ.

ಈ ಪ್ರಶ್ನೆ ಕರ್ನಾಟಕದ ಸಭೆಗೆ ದೂರದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಅಹಮದ್‌ನಗರದ ಶಿಬಿರದಲ್ಲಿಟ್ಟು, ಬಳಿಕ ಸ್ವದೇಶಕ್ಕೆ ಕಳುಹಿಸಿತು. ಮಿಶನ್ನಿನ ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕೈತಪ್ಪಿದವು. ಮಂಗಳೂರು, ಧಾರವಾಡ ಸೀಮೆಗಳ ಸಭೆಗಳು ತಮ್ಮ ಚರಿತ್ರೆಯಲ್ಲಿ ಆ ಕಷ್ಟಕಾಲವನ್ನು ನೆನೆಯುತ್ತವೆ. ನೆನೆಯುವುದು ಸರಿಯೇ. ಆದರೆ 1962ರಲ್ಲಿ ದೇವಲಿಯ ರೈಲು ಹತ್ತಿದವರಿಗಾಗಿ ನಾವು ಎಷ್ಟು ಮರುಗಿದೆವು? ನಮ್ಮವರು ಸೆರೆಯಾದಾಗ ಅನ್ಯಾಯವೆಂದೂ ಇತರರು ಸೆರೆಯಾದಾಗ ಅನಿವಾರ್ಯವೆಂದೂ ಎಣಿಸಿದರೆ ನಾವು ಫರೋಹನ ಪಕ್ಷದಲ್ಲೇ ನಿಂತಂತೆ.

ಯಾಜಕಕಾಂಡ 19:34 ಪರದೇಶಿಯನ್ನು ಪ್ರೀತಿಸಲು ಹೇಳುವಾಗ ಇಸ್ರಾಯೇಲ್ಯರ ಸ್ವಂತ ಐಗುಪ್ತವಾಸವನ್ನೇ ಕಾರಣವಾಗಿ ಕೊಡುತ್ತದೆ. ನೆನಪಿನ ಉದ್ದೇಶ ಅದೇ. ಮುಂದೆಂದಾದರೂ ಯುದ್ಧದ ಸುದ್ದಿ ಬಂದಾಗ, ಸೈನಿಕರಿಗಾಗಿ ಪ್ರಾರ್ಥಿಸುವ ಬಲಿಪೀಠದಿಂದಲೇ ಸಭಾಪಾಲಕನು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ನೆರೆಮನೆಯ ಈ ಮನುಷ್ಯನು ಮಾಡಿದ್ದಾದರೂ ಏನು? ಉತ್ತರ ಸಿಗುವ ತನಕ ಕೇಳುತ್ತಲೇ ಇರಬೇಕು.