ನಮ್ಮವರೊಳಗಿನ ವೈರಿ ಯಾರು? ಫ್ಯಾಂಟಸಿ ಸರಣಿಗಳ ಗುಪ್ತ ಖಳರು ಮತ್ತು ಓದುಗರ ಪತ್ತೇದಾರಿಕೆ

1990ರಲ್ಲಿ ಬಂದ ‘ದಿ ಗ್ರೇಟ್ ಹಂಟ್’ ಕಾದಂಬರಿಯಲ್ಲಿ ವೆರಿನ್ ಎಂಬ ದುಂಡುಮುಖದ, ಮರೆಗುಳಿಯಂತೆ ಕಾಣುವ ವಿದುಷಿಯೊಬ್ಬಳು ನಾಯಕನ ತಂಡವನ್ನು ನಡುದಾರಿಯಲ್ಲಿ ಬಂದು ಸೇರಿಕೊಳ್ಳುತ್ತಾಳೆ. ಮೊರೇನ್ ತನ್ನನ್ನು ಕಳಿಸಿದಳು ಎನ್ನುತ್ತಾಳೆ. ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಮುಂದೆ ಮೊರೇನ್, ತಾನು ವೆರಿನ್‌ಳನ್ನು ಕಳಿಸಿರಲೇ ಇಲ್ಲವೆಂದು ಮಾತಿನ ನಡುವೆ ಹೇಳಿ ಬೇರೆ ವಿಷಯಕ್ಕೆ ಹೊರಳುತ್ತಾಳೆ. ಬೇರೆ ಕಥೆಯಲ್ಲಾಗಿದ್ದರೆ ಇದೊಂದು ಸಣ್ಣ ಸುಳ್ಳು, ಓದುಗ ಮರೆತುಬಿಡಬಹುದಿತ್ತು. ಆದರೆ ಈ ಇಬ್ಬರೂ ಐಸ್ ಸೆಡಾಯ್ ಪಂಥದ ಹೆಂಗಸರು. ಆ ಪಂಥ ಸೇರಿದವರು ತೊಡುವ ಮೂರು ಆಣೆಗಳಲ್ಲಿ ಮೊದಲನೆಯದು ಸತ್ಯವಲ್ಲದ ಮಾತನ್ನು ಆಡೆನೆಂಬುದು. ಅದು ಬರಿಯ ನೀತಿಯಲ್ಲ, ಮಂತ್ರಶಕ್ತಿಯಿಂದ ನಾಲಗೆಗೆ ಬಿದ್ದ ಕಟ್ಟು. ಸುಳ್ಳಾಡಬಲ್ಲ ಐಸ್ ಸೆಡಾಯ್ ಇದ್ದಾಳೆಂದರೆ ಅವಳು ಆ ಕಟ್ಟನ್ನು ಕಳಚಿಕೊಂಡು ಕತ್ತಲೆಯ ಒಡೆಯನಿಗೆ ತನ್ನನ್ನು ಮಾರಿಕೊಂಡ ಬ್ಲ್ಯಾಕ್ ಅಜಾ ಎಂಬ ಗುಪ್ತಕೂಟದವಳೇ ಇರಬೇಕು. ಇಬ್ಬರಲ್ಲಿ ಒಬ್ಬಳು ಸುಳ್ಳು ಹೇಳಿದ್ದಾಳೆ.

ಗಮನವಿಟ್ಟು ಓದಿದವರು ಇದನ್ನು ಹಿಡಿದರು. ಉತ್ತರಕ್ಕಾಗಿ ಅವರು ಕಾದದ್ದು 19 ವರ್ಷ.

‘ದಿ ಗ್ರೇಟ್ ಹಂಟ್’ ಸೇರಿದಂತೆ 14 ಸಂಪುಟಗಳಿರುವ ರಾಬರ್ಟ್ ಜಾರ್ಡನ್‌ರ ‘ದಿ ವೀಲ್ ಆಫ್ ಟೈಮ್’, ಜೆ. ಕೆ. ರೌಲಿಂಗ್‌ರ ‘ಹ್ಯಾರಿ ಪಾಟರ್’, ಜಾರ್ಜ್ ಆರ್. ಆರ್. ಮಾರ್ಟಿನ್‌ರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಒಂದೇ ದಶಕದಲ್ಲಿ ಶುರುವಾದವು. ಮೂರೂ ಸೇರಿ ಒಂದು ಓದಿನ ಪರಂಪರೆಯನ್ನೇ ಹುಟ್ಟುಹಾಕಿದವು. ಒಂದು ಸಂಪುಟಕ್ಕೂ ಇನ್ನೊಂದಕ್ಕೂ ನಡುವಿನ ವರ್ಷಗಳಲ್ಲಿ ಓದುಗರು ಒಳ್ಳೆಯವರ ಪಾಳೆಯದಲ್ಲಿ ಕುಳಿತ ಖಳ ಯಾರೆಂದು ಹುಡುಕುತ್ತ, ಸಾಲುಸಾಲನ್ನೂ ಜರಡಿ ಹಿಡಿದರು. ಈ ಹುಡುಕಾಟವನ್ನು ಮಕ್ಕಳಾಟವೆಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ಅದು ತಪ್ಪು. ಇದು ಸೂಕ್ಷ್ಮವಾದ ಓದು, ಆದರೆ ಲೇಖಕ ತನ್ನ ಕೈಯನ್ನು ತಾನೇ ಕಟ್ಟಿಕೊಂಡಾಗ ಮಾತ್ರ. ಮುಂದೆ ಈ ಸರಣಿಗಳ ಗುಟ್ಟುಗಳು ಬಯಲಾಗುತ್ತವೆ. ಇನ್ನೂ ಓದದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಹಳೆಯ ಅದ್ಭುತ ಕಥೆಗಳಲ್ಲಿ ಈ ಆಟವಿರಲಿಲ್ಲ. ಚಿನ್ನದ ಜಿಂಕೆ ಮಾರೀಚನೆಂದು, ಭಿಕ್ಷೆಗೆ ಬಂದ ಸನ್ಯಾಸಿ ರಾವಣನೆಂದು ಕೇಳುಗನಿಗೆ ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ಸೀತೆಗೆ, ಎದೆ ಹಿಂಡುವುದು ಆ ಅಂತರವೇ. 1954-55ರಲ್ಲಿ ಪ್ರಕಟವಾದ ‘ದಿ ಲಾರ್ಡ್ ಆಫ್ ದ ರಿಂಗ್ಸ್’ನಲ್ಲೂ ಟೋಲ್ಕಿನ್ ಸರುಮಾನನ ದ್ರೋಹವನ್ನು ಮೊದಲ ಸಂಪುಟದ ಸಭೆಯಲ್ಲೇ ಗಂಡಾಲ್ಫ್‌ನ ಬಾಯಿಂದ ಹೇಳಿಸಿಬಿಡುತ್ತಾರೆ. ಓದುಗ ಊಹಿಸಲಿ ಎಂಬ ಹಂಬಲ ಅವರಿಗಿರಲಿಲ್ಲ.

ಗುಪ್ತ ಖಳ ಫ್ಯಾಂಟಸಿಗೆ ಬಂದದ್ದು ಪತ್ತೇದಾರಿ ಮನೆಯಿಂದ. ಅಲ್ಲಿ ಈ ಆಟಕ್ಕೆ ಕಾಯಿದೆಗಳಿದ್ದವು. 1929ರಲ್ಲಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಬರೆದಿಟ್ಟರು. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು, ಆದರೆ ಓದುಗ ಒಳಹೊಕ್ಕು ನೋಡಿದ ಮನಸ್ಸು ಅವನದಾಗಿರಬಾರದು ಎಂಬುದು ಮೊದಲನೆಯದು. ಅದನ್ನು ಅಗಾಥಾ ಕ್ರಿಸ್ಟಿ 1926ರಲ್ಲೇ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ನಲ್ಲಿ ಮುರಿದಾಗಿತ್ತು. ಎರಡನೆಯ ನಿಯಮ ಅಲೌಕಿಕ ಶಕ್ತಿಗಳನ್ನು ಕಥೆಯಿಂದಲೇ ಹೊರಗಿಡುತ್ತದೆ. ಮಂತ್ರಕ್ಕೆ ಜಾಗ ಕೊಟ್ಟರೆ ಯಾರು ಯಾರ ವೇಷದಲ್ಲಾದರೂ ಬರಬಹುದು, ಓದುಗನ ತರ್ಕಕ್ಕೆ ಕಾಲೂರಲು ನೆಲವೇ ಇರುವುದಿಲ್ಲ. ಫ್ಯಾಂಟಸಿ ಇರುವುದೇ ಈ ಎರಡನೆಯ ನಿಯಮದ ಆಚೆ. ಆದ್ದರಿಂದ ಅಲ್ಲಿ ಗುಪ್ತ ಖಳನನ್ನು ಪ್ರಾಮಾಣಿಕವಾಗಿ ಅಡಗಿಸಬೇಕಾದರೆ ಮಂತ್ರಕ್ಕೇ ಕಾನೂನು ಬರೆಯಬೇಕು. ವೇಷಕ್ಕೆ ಒಂದು ಬೆಲೆ, ಒಂದು ಅವಧಿ, ಸಿಕ್ಕಿಬೀಳುವ ಒಂದು ದಾರಿ ಇರಬೇಕು.

ರೌಲಿಂಗ್ ಇದನ್ನು ಅರಿತಿದ್ದರು ಎನ್ನುವುದಕ್ಕೆ 2000ದ ‘ಗಾಬ್ಲೆಟ್ ಆಫ್ ಫೈರ್’ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೊದಲ ಪುಸ್ತಕದ ಕ್ವಿರೆಲ್ ಸುಲಭದ ಕೆಲಸ: ಸಿಡುಕುಮೋರೆಯ ಸ್ನೇಪ್‌ನನ್ನು ಮುಂದೆ ನಿಲ್ಲಿಸಿ ತೊದಲುವ ಮೇಷ್ಟ್ರನ್ನು ಹಿಂದೆ ಅಡಗಿಸಿದ್ದು. ನಾಲ್ಕನೆಯದರಲ್ಲಿ ಇಡೀ ವರ್ಷ ಪಾಠ ಹೇಳಿದ ಮ್ಯಾಡ್-ಐ ಮೂಡಿ, ಮೂಡಿಯೇ ಅಲ್ಲ. ಪಾಲಿಜ್ಯೂಸ್ ಕಷಾಯ ಕುಡಿದು ವೇಷ ಬದಲಿಸಿದ ಬಾರ್ಟಿ ಕ್ರೌಚ್‌ನ ಮಗ. ಆ ಕಷಾಯದ ಕಾನೂನನ್ನು ಓದುಗ ಎರಡನೆಯ ಪುಸ್ತಕದಲ್ಲೇ ಕಲಿತಿದ್ದಾನೆ: ಗಂಟೆಗೊಮ್ಮೆ ಕುಡಿಯುತ್ತಿರಬೇಕು, ಹಾವಿನ ಚರ್ಮದಂಥ ಸಿಗದ ಸಾಮಗ್ರಿಗಳು ಬೇಕು. ನಾಲ್ಕನೆಯದರಲ್ಲಿ ಮೂಡಿ ತನ್ನ ಸೊಂಟದ ಬಾಟಲಿಯಿಂದ ಮಾತ್ರ ಕುಡಿಯುತ್ತಾನೆ. ಶತ್ರುಗಳು ವಿಷ ಹಾಕಿಯಾರೆಂಬ ಅವನ ಹಳೆಯ ಭಯವೇ ಅದಕ್ಕೆ ಕಾರಣವೆಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಸ್ನೇಪ್‌ನ ದಾಸ್ತಾನಿನಿಂದ ಸಾಮಗ್ರಿಗಳು ಕಳುವಾಗುತ್ತವೆ. ಶಾಲೆಯಲ್ಲಿ ಯಾರು ಎಲ್ಲಿದ್ದಾರೆಂದು ತೋರಿಸುವ ಹ್ಯಾರಿಯ ಮಂತ್ರನಕ್ಷೆಯಲ್ಲಿ ನಡುರಾತ್ರಿ ಬಾರ್ಟಿಮಿಯಸ್ ಕ್ರೌಚ್ ಎಂಬ ಹೆಸರು ಓಡಾಡುತ್ತದೆ. ನಕ್ಷೆ ಸುಳ್ಳು ಹೇಳುವುದಿಲ್ಲ, ಹೆಸರು ಅಪ್ಪನದೂ ಹೌದು ಮಗನದೂ ಹೌದು. ಆ ನಕ್ಷೆಯನ್ನು ಮೂಡಿ ಹ್ಯಾರಿಯಿಂದ ಎರವಲು ಪಡೆಯುತ್ತಾನೆ. ಇಷ್ಟೆಲ್ಲ ಕಣ್ಣೆದುರಿಗಿದ್ದೂ ಹೆಚ್ಚಿನವರು ಮೋಸಹೋದರು. ಎರಡನೆಯ ಸಲ ಓದುವಾಗ ಮಾತ್ರ ಒಂದೊಂದು ಗುಟುಕೂ ಎದ್ದು ಕಾಣುತ್ತದೆ.

ಕಾನೂನು ಬರೆದವರನ್ನು ಅದು ಹಿಂದಕ್ಕೂ ಕಟ್ಟುತ್ತದೆ. 1999ರ ‘ಪ್ರಿಸನರ್ ಆಫ್ ಅಜ್ಕಬಾನ್’ನಲ್ಲಿ ಹ್ಯಾರಿಯ ಗೆಳೆಯ ರಾನ್ ಸಾಕಿದ ಇಲಿಯೇ ದ್ರೋಹಿ ಪೀಟರ್ ಪೆಟಿಗ್ರೂ ಎಂದು ತಿಳಿಯುವುದು ಬೆರಗು ಹುಟ್ಟಿಸುವ ತಿರುವು. ಸುಳಿವುಗಳೂ ಇವೆ: ಇಲಿಗೆ ಒಂದು ಬೆರಳಿಲ್ಲ, ಆಯುಸ್ಸು ಮೀರಿ ಹನ್ನೆರಡು ವರ್ಷ ಬದುಕಿದೆ. ಆದರೆ ಅದೇ ನಕ್ಷೆಯನ್ನು ಹ್ಯಾರಿಗಿಂತ ಮೊದಲು ವರ್ಷಗಟ್ಟಲೆ ಇಟ್ಟುಕೊಂಡಿದ್ದ ರಾನ್‌ನ ಅವಳಿ ಅಣ್ಣಂದಿರು, ತಮ್ಮನ ಹಾಸಿಗೆಯಲ್ಲಿ ದಿನವೂ ಮಲಗುವ ಪೆಟಿಗ್ರೂ ಎಂಬ ಹೆಸರನ್ನು ಒಮ್ಮೆಯೂ ಕಾಣಲಿಲ್ಲವೇ? ಓದುಗರ ಈ ಪ್ರಶ್ನೆಗೆ ಪುಸ್ತಕದೊಳಗೆ ಉತ್ತರವಿಲ್ಲ.

ವೆರಿನ್‌ಳ ವಿಷಯಕ್ಕೆ ಬಂದರೆ ಜಾರ್ಡನ್‌ರ ಸಾಹಸ ಇನ್ನೂ ದೊಡ್ಡದು. ಎರಡನೆಯ ಸಂಪುಟದಲ್ಲೇ ಅವರು ಇಂಗ್ಟಾರ್ ಎಂಬ ಗೌರವಾನ್ವಿತ ಯೋಧನನ್ನು ಕತ್ತಲೆಯ ಸೇವಕನೆಂದು ತೋರಿಸಿ, ಅವನು ಪಶ್ಚಾತ್ತಾಪಪಟ್ಟು ಗೆಳೆಯರಿಗಾಗಿ ಪ್ರಾಣಕೊಡುವಂತೆ ಮಾಡಿದ್ದರು. ಹಾಗಾಗಿ ಯಾರನ್ನೂ ನಂಬುವಂತಿಲ್ಲ ಎಂಬುದು ಓದುಗನಿಗೆ ಮನದಟ್ಟಾಗಿತ್ತು. 1998ರ ‘ದಿ ಪಾತ್ ಆಫ್ ಡ್ಯಾಗರ್ಸ್’ನಲ್ಲಿ ಅವರು ವೆರಿನ್‌ಳ ಮನಸ್ಸಿನೊಳಗಿಂದಲೇ ಕಥೆ ಹೇಳುತ್ತಾರೆ, ಆದರೂ ಗುಟ್ಟು ಬಿಟ್ಟುಕೊಡುವುದಿಲ್ಲ. ಅಲ್ಲಿ ಅವಳು ಸೆರೆಸಿಕ್ಕವರ ಮನಸ್ಸನ್ನು ನಿಷಿದ್ಧ ಮಂತ್ರದಿಂದ ತಿರುಗಿಸುತ್ತಾಳೆ. ಯಾರ ಲಾಭಕ್ಕೆ ಎಂಬುದು ಮಾತ್ರ ಮರೆಯಲ್ಲೇ ಉಳಿಯುತ್ತದೆ. 2007ರಲ್ಲಿ ಜಾರ್ಡನ್ ತೀರಿಕೊಂಡರು. ಅವರ ಪತ್ನಿ ಮತ್ತು ಸಂಪಾದಕಿ ಹ್ಯಾರಿಯೆಟ್ ಮೆಕ್‌ಡೂಗಲ್ ಉಳಿದ ಕೆಲಸಕ್ಕೆ ಬ್ರ್ಯಾಂಡನ್ ಸ್ಯಾಂಡರ್ಸನ್‌ರನ್ನು ಆರಿಸಿದರು. ಜಾರ್ಡನ್‌ರ ಟಿಪ್ಪಣಿಗಳ ಆಧಾರದ ಮೇಲೆ 2009ರಲ್ಲಿ ಬಂದ ‘ದಿ ಗ್ಯಾದರಿಂಗ್ ಸ್ಟಾರ್ಮ್’ನಲ್ಲಿ ವೆರಿನ್ ಒಂದು ಸಂಜೆ ಕಥೆಯ ನಾಯಕಿಯರಲ್ಲೊಬ್ಬಳಾದ ಎಗ್ವೀನ್‌ಳ ಕೋಣೆಗೆ ಬಂದು ಚಹಾ ಕುಡಿಯುತ್ತಾಳೆ, ತಾನು ಬ್ಲ್ಯಾಕ್ ಅಜಾದವಳೆಂದು ಹೇಳಿಕೊಳ್ಳುತ್ತಾಳೆ. ಊಹಿಸಿದವರು ಗೆದ್ದರು, ಅದೇ ಉಸಿರಿನಲ್ಲಿ ಸೋತರು. ಕತ್ತಲೆಯ ಕೂಟದ ಆಣೆ ಒಡೆಯನಿಗೆ ದ್ರೋಹ ಬಗೆಯದಂತೆ ಅವಳನ್ನು ಕಟ್ಟಿಹಾಕಿದೆ, ಸಾವಿನ ಗಳಿಗೆಯ ತನಕ ಮಾತ್ರ. ಆ ‘ತನಕ’ದ ಸಂದಿಯನ್ನು ಹಿಡಿದು ಅವಳು ಚಹಾದಲ್ಲಿ ವಿಷ ಬೆರೆಸಿಕೊಂಡಿದ್ದಾಳೆ. ಕೊನೆಯ ಗಂಟೆಯಲ್ಲಿ, 70 ವರ್ಷ ಕೂಟದೊಳಗೆ ಕೂತು ಬರೆದಿಟ್ಟ ದ್ರೋಹಿಗಳ ಹೆಸರುಗಳನ್ನೆಲ್ಲ ಎಗ್ವೀನ್‌ಳ ಕೈಗಿಡುತ್ತಾಳೆ. ಗುಟ್ಟನ್ನು ಹುಟ್ಟಿಸಿದ್ದೂ ಒಂದು ಆಣೆ, ಬಿಡಿಸಿದ್ದೂ ಒಂದು ಆಣೆ. ಇಡೀ ಪರಂಪರೆಯಲ್ಲಿ ಇದಕ್ಕೆ ಸಾಟಿಯಾದ ರಹಸ್ಯಭೇದ ಇನ್ನೊಂದಿಲ್ಲ.

ಕನ್ನಡದ ಓದುಗನಿಗೆ ಈ ಪಾತ್ರ ಪೂರ್ತಿ ಅಪರಿಚಿತವೇನೂ ಅನಿಸಲಾರದು. ವ್ಯಾಸಭಾರತದಲ್ಲಿಲ್ಲದ, ಆದರೆ ನಮ್ಮ ಜನರ ಬಾಯಲ್ಲಿ ಬೇರೂರಿದ ಶಕುನಿಯ ಕಥೆಯೊಂದಿದೆ. ಸೆರೆಯಲ್ಲಿ ಸತ್ತ ತಂದೆಯ ಮೂಳೆಯಿಂದ ದಾಳ ಮಾಡಿಕೊಂಡು, ಕೌರವರ ಹಿತೈಷಿಯಂತೆ ಪಕ್ಕದಲ್ಲೇ ಕುಳಿತು ಅವರನ್ನು ನಾಶಕ್ಕೆ ನಡೆಸುವವನು ಆ ಶಕುನಿ. ಯಾವ ಪಾಳೆಯದಲ್ಲಿ ಕುಳಿತಿದ್ದಾನೆ ಎನ್ನುವುದಕ್ಕೂ ಯಾರ ಕೆಲಸ ಮಾಡುತ್ತಿದ್ದಾನೆ ಎನ್ನುವುದಕ್ಕೂ ನಡುವಿನ ದೂರವನ್ನು ನಮ್ಮ ಕಥೆಗಾರರೂ ಕಂಡಿದ್ದರು.

ಜಾರ್ಡನ್ ಎಲ್ಲ ಕಡೆಯೂ ಇಷ್ಟು ನ್ಯಾಯವಾಗಿ ಆಡಲಿಲ್ಲ. 1993ರ ‘ದಿ ಫೈರ್ಸ್ ಆಫ್ ಹೆವನ್’ ಕೊನೆಯಲ್ಲಿ ಕತ್ತಲೆಯ ಒಡೆಯನ ಹಳೆಯ ಸೇವಕ ಆಸ್ಮೋಡಿಯನ್ ಒಂದು ಬಾಗಿಲು ತೆರೆಯುತ್ತಾನೆ, ಎದುರಿಗಿದ್ದವರನ್ನು ಗುರುತಿಸಿ ಸಾಯುತ್ತಾನೆ. ಕೊಂದವರು ಯಾರೆಂಬುದು ಯೋಚಿಸಿದರೆ ತಾನಾಗಿ ಹೊಳೆಯಬೇಕು ಎಂದು ಲೇಖಕರು ಹೇಳುತ್ತ ಬಂದರು. ಓದುಗರಲ್ಲಿ ಒಮ್ಮತ ಮೂಡಲಿಲ್ಲ. 2010ರ ‘ಟವರ್ಸ್ ಆಫ್ ಮಿಡ್‌ನೈಟ್’ನಲ್ಲಿ ಉತ್ತರ ಬಂತು, ಅದೂ ಪುಸ್ತಕದ ಕೊನೆಯ ಪದಕೋಶದಲ್ಲಿ, ಗ್ರೆಂಡಾಲ್ ಎಂಬ ಹೆಸರಿನ ಕೆಳಗೆ. 17 ವರ್ಷದ ಪ್ರಶ್ನೆಗೆ ಅನುಬಂಧದಲ್ಲಿ ಉತ್ತರ ಕೊಡುವುದು ಓದುಗನ ಶ್ರಮಕ್ಕೆ ಮಾಡಿದ ಅವಮಾನ. ಮಾಜ್ರಿಮ್ ಟೈಮ್ ಎಂಬ ಪಾತ್ರದ ಪ್ರಸಂಗ ಇನ್ನೂ ವಿಚಿತ್ರ. 1994ರ ‘ಲಾರ್ಡ್ ಆಫ್ ಕೇಯಾಸ್’ನಲ್ಲಿ ಅವನು ಐಯೆಲ್ ಜನರ ಬಗ್ಗೆ ಆಡುವ ಒಂದು ಮಾತಿನ ಧಾಟಿ ಪುರಾತನ ಯುಗದಿಂದ ಎದ್ದುಬಂದ ದುಷ್ಟರದ್ದು. ಅದರ ಬಲದ ಮೇಲೆ ಆ ದುಷ್ಟರಲ್ಲೊಬ್ಬನಾದ ಡೆಮಾಂಡ್ರೆಡ್ ಅವನೇ ಎಂದು ಓದುಗರು ವಾದಿಸಿದರು. ವಾದ ಗಟ್ಟಿಯಾಗಿತ್ತು. ಹಾಗಲ್ಲವೆಂದು ಜಾರ್ಡನ್ನೇ ಹೇಳಬೇಕಾಯಿತು. 2013ರ ಕೊನೆಯ ಸಂಪುಟದಲ್ಲಿ ಡೆಮಾಂಡ್ರೆಡ್ ದೂರದ ಶಾರಾ ದೇಶದ ದಂಡು ಕಟ್ಟಿಕೊಂಡು ಬಂದ. ಆ ತಿರುವಿಗಿಂತ ಓದುಗರ ತಪ್ಪು ಊಹೆಯೇ ಪಠ್ಯಕ್ಕೆ ಹೆಚ್ಚು ಹೊಂದುತ್ತಿತ್ತು.

ಮಾರ್ಟಿನ್‌ರಲ್ಲಿ ಸುಳಿವು ಇರುವುದು ಮಂತ್ರದಲ್ಲಲ್ಲ, ಸ್ವಭಾವದಲ್ಲಿ. 1996ರ ‘ಎ ಗೇಮ್ ಆಫ್ ಥ್ರೋನ್ಸ್’ನಲ್ಲಿ ಬಾಲಕ ಬ್ರ್ಯಾನ್‌ನನ್ನು ಕೊಲ್ಲಲು ಬಂದವನ ಕಠಾರಿ ಟಿರಿಯನ್‌ನದು, ಪಂದ್ಯದಲ್ಲಿ ಅವನು ತನ್ನಿಂದ ಗೆದ್ದುಕೊಂಡದ್ದು ಎಂದು ಲಿಟ್ಲ್‌ಫಿಂಗರ್ ಹೇಳುತ್ತಾನೆ. ಹಾಗಾಗಬೇಕಾದರೆ ಟಿರಿಯನ್ ತನ್ನ ಅಣ್ಣ ಸೋಲುತ್ತಾನೆಂದು ಬಾಜಿ ಕಟ್ಟಿರಬೇಕು. ತಾನು ಎಂದೂ ಮನೆಯವರ ವಿರುದ್ಧ ಬಾಜಿ ಕಟ್ಟುವವನಲ್ಲವೆಂದು ಟಿರಿಯನ್ ಅದೇ ಪುಸ್ತಕದಲ್ಲಿ ಬ್ರ್ಯಾನ್‌ನ ತಾಯಿ ಕ್ಯಾಟ್ಲಿನ್‌ಗೆ ಹೇಳುತ್ತಾನೆ. ಮನುಷ್ಯ ಸ್ವಭಾವ ಬಲ್ಲ ಓದುಗನಿಗೆ ಅಷ್ಟು ಸಾಕು, ಲಿಟ್ಲ್‌ಫಿಂಗರ್ ಸುಳ್ಳುಗಾರನೆಂದು ಅಲ್ಲೇ ತಿಳಿಯುತ್ತದೆ. ರಾಜನ ಪ್ರಧಾನಿ ಜಾನ್ ಆರಿನ್‌ಗೆ ವಿಷ ಹಾಕಿಸಿದವನೂ ಅವನೇ ಎಂಬುದು ಹೊರಬೀಳುವುದು 2000ದ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’ನಲ್ಲಿ. ಅದೇ ಸಂಪುಟದಲ್ಲಿ ಕಠಾರಿ ಕೊಟ್ಟು ಕಳಿಸಿದವನು ಜಾಫ್ರಿ ಎಂಬ ತೀರ್ಮಾನವೂ ಬರುತ್ತದೆ, ಆದರೆ ಅದಕ್ಕೆ ಹಾಕಿದ ತಳಪಾಯ ತೆಳ್ಳಗಿನದು. ಓದುಗರು ಮೊದಲೇ ಊಹಿಸಿದರೆಂಬ ಕಾರಣಕ್ಕೆ ಕಥೆ ಬದಲಿಸಿದರೆ ನೆಟ್ಟ ಸುಳಿವುಗಳೆಲ್ಲ ಸುಳ್ಳಾಗುತ್ತವೆ, ಹಾಗೆ ಮಾಡುವುದಿಲ್ಲ ಎಂದು ಮಾರ್ಟಿನ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಈ ನಿಲುವು ಮೆಚ್ಚುವಂಥದ್ದು.

ಸ್ಯಾಂಡರ್ಸನ್‌ರ ಸ್ವಂತ ಕೃತಿಗಳಲ್ಲಿ ಈ ವಿದ್ಯೆ ನುರಿತ ಕಸುಬಾಗಿದೆ. 2010ರ ‘ದಿ ವೇ ಆಫ್ ಕಿಂಗ್ಸ್’ನಲ್ಲಿ ಬಡವರಿಗೆ ಆಸ್ಪತ್ರೆ ಕಟ್ಟಿಸಿದ ಮಂದಬುದ್ಧಿಯ ಮುದಿರಾಜ ಟಾರವಾಂಜಿಯನ್ ದೊರೆಗಳ ಕೊಲೆಗಳನ್ನು ಮಾಡಿಸುತ್ತಿರುವವನೆಂದು ಕೊನೆಯಲ್ಲಿ ತಿಳಿಯುತ್ತದೆ. ಅವನ ಧರ್ಮಕಾರ್ಯವೇ ಅಪರಾಧದ ಜಾಗ: ಸಾಯುವವರ ಕೊನೆಯ ಮಾತುಗಳನ್ನು ಸಂಗ್ರಹಿಸಲು ಅಲ್ಲಿ ರೋಗಿಗಳ ರಕ್ತ ಬಸಿಯಲಾಗುತ್ತದೆ.

ಇನ್ನು ಸ್ನೇಪ್. 2005ರ ಜುಲೈಯಲ್ಲಿ ಬಂದ ಆರನೆಯ ಪುಸ್ತಕದಲ್ಲಿ ಅವನು ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್‌ನನ್ನು ಕೊಂದ ಮೇಲೆ, 2007ರ ಜುಲೈವರೆಗೆ ಲೋಕದ ಮಕ್ಕಳೂ ದೊಡ್ಡವರೂ ಎರಡು ಪಕ್ಷವಾದರು. ಅಮೆರಿಕದ ಪುಸ್ತಕ ಮಳಿಗೆ ಬಾರ್ಡರ್ಸ್, ಸ್ನೇಪ್‌ನನ್ನು ನಂಬುವವರಿಗೆ ಒಂದು, ನಂಬದವರಿಗೆ ಇನ್ನೊಂದು ಸ್ಟಿಕರ್ ಹಂಚಿತು. ಅವನು ಒಳ್ಳೆಯವನೆಂದು ವಾದಿಸಿದವರ ಊಹೆ ನಿಜವಾಯಿತು. ಆದರೂ ಈ ಗೆಲುವಿನಲ್ಲಿ ಒಂದು ಕೊರತೆಯಿದೆ. ಯಾರ ಕಡೆಯವನು ಎಂಬ ಪ್ರಶ್ನೆಯಲ್ಲೇ ಮುಳುಗಿದವರು, ಅವನು ವರ್ಷಗಟ್ಟಲೆ ತರಗತಿಯಲ್ಲಿ ನೆವಿಲ್‌ನಂಥ ಹುಡುಗನನ್ನು ಹೀಯಾಳಿಸಿ ನಡುಗಿಸಿದ್ದನ್ನು ಲೆಕ್ಕದಿಂದ ಬಿಟ್ಟರು. ಅವನ ಮನಸ್ಸಿನ ನಿಜವಾದ ಸುಳಿವು ಇದ್ದದ್ದು ಬೇರೆಲ್ಲೋ. 2003ರ ‘ಆರ್ಡರ್ ಆಫ್ ದ ಫೀನಿಕ್ಸ್’ನಲ್ಲಿ ಹ್ಯಾರಿಯ ದೊಡ್ಡಮ್ಮ ಪೆಟ್ಯೂನಿಯಾ, ಡಿಮೆಂಟರ್ ಎಂಬ ಕರಾಳ ಜೀವಿಗಳ ಬಗ್ಗೆ ಯಾವನೋ ಒಬ್ಬ ಕೆಟ್ಟ ಹುಡುಗ ತನ್ನ ತಂಗಿಗೆ ಹೇಳಿದ್ದನ್ನು ಕೇಳಿದ್ದೆ ಎನ್ನುತ್ತಾಳೆ. ಓದುಗರು ಆ ಹುಡುಗ ಹ್ಯಾರಿಯ ತಂದೆಯೆಂದು ತಿಳಿದು ಮುಂದೆ ಹೋದರು. ಅವನು ಸ್ನೇಪ್.

ಈ ಪರಂಪರೆಯ ದೊಡ್ಡ ದೋಷವೂ ಇಲ್ಲೇ ಇದೆ. ಕೆಟ್ಟದ್ದು ಮಾಡುವವನು ಗುಟ್ಟಾಗಿ ವೈರಿಯ ಸೇವಕನೇ ಇರಬೇಕೆಂದು ಅದು ಓದುಗನಿಗೆ ಕಲಿಸುತ್ತದೆ. ಆದರೆ ಜಾರ್ಡನ್ ಮತ್ತು ರೌಲಿಂಗ್‌ರ ಸರಣಿಗಳ ಅತಿ ಸಹಿಸಲಾಗದ ಹೆಂಗಸರು ಆ ಲೆಕ್ಕಕ್ಕೆ ಸಿಗುವುದಿಲ್ಲ. ಐಸ್ ಸೆಡಾಯ್‌ರ ನೆಲೆಯಾದ ವೈಟ್ ಟವರನ್ನು ಎರಡಾಗಿ ಒಡೆದ ಎಲೈಡಾ ಬ್ಲ್ಯಾಕ್ ಅಜಾದವಳೆಂದು ಎಷ್ಟೋ ಓದುಗರು ಪಣ ಕಟ್ಟಿದ್ದರು. ಅವಳು ಹಾಗಲ್ಲ, ತಾನೇ ಸರಿಯೆಂದು ನಂಬಿದ ಅಹಂಕಾರಿ ಅಷ್ಟೆ. ಹ್ಯಾರಿಯ ಮೇಲೆ ಡಿಮೆಂಟರ್‌ಗಳನ್ನು ಛೂಬಿಟ್ಟ, ಮಕ್ಕಳ ಕೈಯ ಚರ್ಮ ಕೊರೆಯುವ ಲೇಖನಿಯಿಂದ ಶಿಕ್ಷೆ ಬರೆಸಿದ ಅಂಬ್ರಿಜ್ ವೋಲ್ಡಮಾರ್ಟ್‌ನ ಪಂಗಡದವಳಲ್ಲ, ಸರಕಾರಿ ಅಧಿಕಾರಿ. ಇವರ ಮುಖದಲ್ಲಿ ಕಳಚಲು ಮುಖವಾಡವೇ ಇರಲಿಲ್ಲ. ಕೇವಲ ಊಹೆಗಾಗಿ ಓದಿದವರಿಗೆ ಇವರು ನಿರಾಸೆ ತಂದರು. ಆದರೆ ಕಾದಂಬರಿಕಾರರಾಗಿ ಜಾರ್ಡನ್ ಮತ್ತು ರೌಲಿಂಗ್ ಅತಿ ಎತ್ತರಕ್ಕೇರಿದ್ದು ಈ ಎರಡು ಪಾತ್ರಗಳಲ್ಲಿ.

ಮಾರ್ಟಿನ್‌ರ ಐದನೆಯ ಸಂಪುಟ ಬಂದದ್ದು 2011ರಲ್ಲಿ, ಆರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ‘ದಿ ವೀಲ್ ಆಫ್ ಟೈಮ್’ ಮಾತ್ರ ಮುಗಿದಿದೆ, ಪೂರ್ತಿ ಸಿಗುತ್ತದೆ. ಆರಂಭದಲ್ಲಿ ಕೊಟ್ಟ ಎಚ್ಚರಿಕೆಯನ್ನು ಮೀರಿ ಓದಿದವರು ಅದನ್ನು ಹೊಸಬರ ಕೈಗೆ ಕೊಡುವಾಗ ವೆರಿನ್‌ಳ ಹೆಸರೆತ್ತದಿರಲಿ. ಪದಕೋಶದ ಪುಟಗಳನ್ನು ಮೊದಲೇ ತಿರುವಬೇಡಿರೆಂದೂ ಹೇಳಲಿ.