ತೊಟ್ಟಿನಡಿಯ ನುಸಿ

ಬಿಳಿ ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ಸಡಿಲವಾಗಿ ಮುಷ್ಟಿ ಹಿಡಿದೆ. ಪೆನ್ಸಿಲ್‌ಗಿಂತ ಸಣ್ಣಗಿದ್ದ ಹಾವಿನಮರಿ ಅದರೊಳಗೆ ನುಸುಳಿ ಆ ಕಡೆಯಿಂದ ತಲೆ ಹಾಕಿತು. ಕಾಗದ ಬಿಡಿಸಿ ನೋಡಿದರೆ 11 ಕಪ್ಪು ಚುಕ್ಕೆಗಳು, ಒಂದೊಂದೂ ರಾಗಿಕಾಳಿಗಿಂತ ಚಿಕ್ಕದು. ನೋಡುತ್ತಿದ್ದ ಹಾಗೇ ಒಂದು ಚುಕ್ಕೆ ನಡೆಯತೊಡಗಿತು. ಮಗಳು ಅದನ್ನು ಉಗುರಿನಲ್ಲಿ ಒತ್ತಿದಳು. ಕಾಗದ ಕೆಂಪಾಯಿತು. ಹಾವಿನದೇ ರಕ್ತ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಮರಿ ಕಾರ್ನ್ ಸ್ನೇಕ್ ಜಾತಿಯದು. ಈ ಸೀಮೆಯ ಹೊಲ, ಕೊಟ್ಟಿಗೆಗಳಲ್ಲಿ ಇಲಿ ಹಿಡಿದು ಬದುಕುವ, ವಿಷವಿಲ್ಲದ ಹಾವು. ಇಲ್ಲಿ ಇದನ್ನು ಸಾಕುವುದು ಮೊಲ ಸಾಕಿದಷ್ಟೇ ಮಾಮೂಲು. (ನಮ್ಮೂರಲ್ಲಿ ಒಂದು ಕೇರೆಹಾವನ್ನು ಹೀಗೆ ಡಬ್ಬಿಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ, ಬೀಳಲೂ ಬೇಕು.) ಸರೀಸೃಪ ಮೇಳದ ಮಳಿಗೆಯೊಂದರಿಂದ ತಂದು ಮೂರು ವಾರವಾಗಿತ್ತು. ಮರಿ ನೀರಿನ ಬಟ್ಟಲು ಬಿಟ್ಟು ಮೇಲೇಳುತ್ತಿರಲಿಲ್ಲ. ಸೆಕೆಗಿರಬೇಕು ಅಂದುಕೊಂಡೆವು. ಬಟ್ಟಲಿನ ತಳದಲ್ಲಿ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಂಡಾಗಲೇ ಭೂತಗನ್ನಡಿ ಹುಡುಕಿದ್ದು.

ಆಮೇಲೆ ಎರಡು ತಿಂಗಳು ಹಾವಿನ ನುಸಿಗೆ ಚಾಲ್ತಿಯಲ್ಲಿರುವ ಮದ್ದುಗಳನ್ನೆಲ್ಲ ಓದಿದೆ, ಕೆಲವನ್ನು ಮಾಡಿಯೂ ನೋಡಿದೆ. ಹಾವು ಸಾಕುವವರು ಯಾವ ಮದ್ದು ವಾಸಿ ಎಂದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನುಸಿ ಬಾಳುವೆ ಮಾಡುವುದು ಎಲ್ಲಿ ಎಂದು ಕೇಳುವವರು ಕಡಿಮೆ. ನನ್ನ ತಕರಾರು ಇರುವುದು ಅಲ್ಲೇ.

ಇದನ್ನು ನನಗೆ ಹೊಳೆಯಿಸಿದವಳು ಅಮ್ಮ. ನಮ್ಮ ತೋಟ ತಿಪಟೂರಿನ ಹತ್ತಿರ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಬೇಗನೆ ನಮ್ಮ ಕಡೆಗೂ ಬಂತು; ಎಳೆಗಾಯಿಯ ಮೇಲೆ ಕಂದು ಪಟ್ಟೆ, ಬಿರುಕು, ಸೊರಗಿದ ಕಾಯಿ. ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಕಲಸಿ ಹೊಡೆದವರಲ್ಲಿ ನಾವೂ ಇದ್ದೆವು. ಫೋನಿನಲ್ಲಿ ಹಾವಿಗೂ ನುಸಿಯಂತೆ ಅಂದಾಗ ಅಮ್ಮ ಮೊದಲು ನಕ್ಕಳು. ಆಮೇಲೆ, "ಕಾಯಿ ಮ್ಯಾಲೆ ಹೊಡುದ್ರೆ ಏನ್ ಬಂತೋ ಮಗಾ, ಅವು ತೊಟ್ಟಿನಡಿ ಸೇರ್ಕಂಡಿರ್ತವೆ" ಅಂದಳು. ತೆಂಗಿನ ನುಸಿಯೇ ಬೇರೆ, ಹಾವಿನ ನುಸಿಯೇ ಬೇರೆ. ಒಂದು ರಸ ಹೀರುತ್ತದೆ, ಇನ್ನೊಂದು ರಕ್ತ. ಆದರೂ ಅಮ್ಮನ ಮಾತು ಎರಡಕ್ಕೂ ಸಲ್ಲುತ್ತದೆ.

ಹಾವಿನ ನುಸಿಯ ಶಾಸ್ತ್ರೀಯ ಹೆಸರು ಓಫಿಯೊನಿಸಸ್ ನ್ಯಾಟ್ರಿಸಿಸ್. ಅದರ ಹುಟ್ಟುಸಾವುಗಳನ್ನು ಕೂತು ನೋಡಿ ಬರೆದವರು ಜೋಸೆಫ್ ಕ್ಯಾಮಿನ್, 1953ರಲ್ಲಿ. ಮೊಟ್ಟೆ, ಲಾರ್ವಾ, ಮರಿಯ ಎರಡು ಹಂತ, ಕೊನೆಗೆ ಪ್ರೌಢ ನುಸಿ. ಈ ಐದರಲ್ಲಿ ರಕ್ತ ಕುಡಿಯುವುದು ಎರಡೇ: ಮರಿಯ ಮೊದಲ ಹಂತ ಮತ್ತು ಪ್ರೌಢ ನುಸಿ. ಹೊಟ್ಟೆ ತುಂಬಿದ ಹೆಣ್ಣು ಹಾವಿನಿಂದ ಇಳಿದು, ಕತ್ತಲೂ ತೇವವೂ ಇರುವ ಸಂದಿ ಹುಡುಕಿ ಮೊಟ್ಟೆ ಇಡುತ್ತದೆ. ಬಾಳಿನುದ್ದಕ್ಕೂ 60ರಿಂದ 80. ಹಾವಿನ ಡಬ್ಬಿಯ ಬೆಚ್ಚನೆಯಲ್ಲಿ ಮೊಟ್ಟೆಯಿಂದ ಪ್ರೌಢ ನುಸಿಯಾಗಲು ಎರಡು, ಎರಡೂವರೆ ವಾರ ಸಾಕು. ಅಂದರೆ ಹಾವು ಅವಕ್ಕೆ ಬರೀ ಮೆಸ್ಸು. ಸಂಸಾರವೆಲ್ಲ ಡಬ್ಬಿಯ ಮುಚ್ಚಳದಂಚಿನಲ್ಲಿ, ಮರದ ತೊಗಟೆಯ ಅಡಿಯಲ್ಲಿ, ಹಾಸಿದ ಹೊಟ್ಟಿನಲ್ಲಿ.

ಇಷ್ಟು ತಿಳಿದ ಮೇಲೆ ಚಾಲ್ತಿಯ ಮದ್ದುಗಳನ್ನು ನೋಡಿದರೆ ಹೆಚ್ಚಿನವು ಮೆಸ್ಸಿನ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತಂತೆ ಕಾಣುತ್ತವೆ. ಉಗುರುಬೆಚ್ಚನೆ ನೀರಿನಲ್ಲಿ ಹಾವನ್ನು ನೆನೆಸಿಡುವುದು ಎಲ್ಲರೂ ಹೇಳುವ ಮೊದಲ ಉಪಾಯ. ನುಸಿ ಮುಳುಗಿ ಸಾಯುವುದು ನಿಜ. ಆದರೆ ಹಾವಿನ ತಲೆ ನೀರಿನ ಮೇಲೇ ಇರುತ್ತದಲ್ಲ! ಬದುಕಿದವು ಅಲ್ಲಿಗೆ ಹತ್ತಿ ಕಣ್ಣಿನ ಸುತ್ತ, ಗದ್ದದ ಮಡಿಕೆಯಲ್ಲಿ ಕೂರುತ್ತವೆ. ಮರಿಹಾವನ್ನು ಗಂಟೆಗಟ್ಟಲೆ ನೀರಲ್ಲಿ ಬಿಟ್ಟರೆ ನುಸಿಗಿಂತ ಮೊದಲು ಮರಿಯೇ ಸೋಲುತ್ತದೆ. ಆಲಿವ್ ಎಣ್ಣೆ ಸವರುವುದು ಇದಕ್ಕಿಂತ ಒಂದು ಗುಲಗಂಜಿ ಮೇಲು. ನುಸಿಯ ಉಸಿರಾಟದ ರಂಧ್ರ ಮುಚ್ಚಿ ಅದು ಸಾಯುತ್ತದೆ. ಕಣ್ಣಂಚಿನಂಥ ನಾಜೂಕು ಜಾಗಕ್ಕೆ ಹತ್ತಿಯಲ್ಲಿ ಒಂದು ಹನಿ ಮುಟ್ಟಿಸಲು ಇದೇ ಸರಿ. ಮೈಗೆಲ್ಲ ಬಳಿದರೆ ಹೊಟ್ಟು, ಧೂಳು ಅಂಟಿ ಮರಿ ಅತಿರಸದ ಹಾಗಾಗುತ್ತದೆ. ಮೊಟ್ಟೆಗೆ ಎರಡರಿಂದಲೂ ಏನೂ ಆಗುವುದಿಲ್ಲ.

ಐವರ್‌ಮೆಕ್ಟಿನ್ ವಿಷಯದಲ್ಲಿ ನನಗೆ ಸಿಟ್ಟೇ ಬಂತು. ಮದ್ದಿನ ಮೇಲಲ್ಲ, ಅದನ್ನು ಕೈಗಂದಾಜಿನಲ್ಲಿ ಕೊಡಿ ಎನ್ನುವವರ ಮೇಲೆ. ಪಶುವೈದ್ಯರು ಹಾವಿಗೆ ಹೇಳುವ ಪ್ರಮಾಣ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ. ನಮ್ಮ ಮರಿಯ ತೂಕ 10 ಗ್ರಾಂ. ದನಕ್ಕೆ ಕೊಡುವ, ಪಶು ಔಷಧದ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಇಂಜೆಕ್ಷನ್ನಿನ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಮದ್ದು ಇರುತ್ತದೆ. ಲೆಕ್ಕ ಹಾಕಿ: ಮರಿಗೆ ಬೇಕಾದದ್ದು 0.0002 ಮಿಲಿಲೀಟರ್. ಸಾಮಾನ್ಯ ಇನ್ಸುಲಿನ್ ಸಿರಿಂಜಿನ ಅತಿ ಸಣ್ಣ ಗೀಟು 0.01. ಆ ಒಂದು ಗೀಟು ಎಳೆದರೂ ಮರಿಗೆ 50 ಪಟ್ಟು ಹೋಯಿತು. ದೊಡ್ಡ ಹೆಬ್ಬಾವಿಗೆ ಒಗ್ಗಿದ ಸಲಹೆ ಮರಿಗೆ ಒಗ್ಗುವುದಿಲ್ಲ ಎನ್ನಲು ಇದಕ್ಕಿಂತ ಉದಾಹರಣೆ ಬೇಡ. ಸರಿಯಾಗಿ ತೆಳುಮಾಡಿ ಕೊಡುವ ಕೆಲಸ ವೈದ್ಯರದೇ. ಅದೇ ಮನೆಯಲ್ಲಿ ಆಮೆ ಇದ್ದರಂತೂ ಈ ಮದ್ದು ಒಳಗೇ ಬರಬಾರದು. ಆಮೆಗಳಿಗೆ ಇದು ಪ್ರಾಣಾಂತಕ.

ಪರ್ಮೆತ್ರಿನ್ ಮಾತ್ರ ನನ್ನ ಲೆಕ್ಕದಲ್ಲಿ ಗೆದ್ದ ಮದ್ದು, ಅದನ್ನು ಹಾವಿಗೆ ಹೊಡೆಯದೆ ಡಬ್ಬಿಗೆ ಹೊಡೆದರೆ. ಪ್ರೊವೆಂಟ್-ಎ-ಮೈಟ್ ಎಂಬ ಸ್ಪ್ರೇ ಇರುವುದು ಇದಕ್ಕೇ. ಕೆಲವರು ಮಕ್ಕಳ ಹೇನಿಗೆ ಹಚ್ಚುವ, 1% ಪರ್ಮೆತ್ರಿನ್ ಇರುವ ಕ್ರೀಮನ್ನು ನೀರಿಗೆ ಕಲಸಿ ಹೊಡೆಯುತ್ತಾರೆ. ಹಾವನ್ನೂ ನೀರಿನ ಬಟ್ಟಲನ್ನೂ ಹೊರಗಿಟ್ಟು, ಖಾಲಿ ಡಬ್ಬಿಗೆ ತೆಳ್ಳಗೆ ಹೊಡೆದು, ಪೂರ್ತಿ ಒಣಗಿದ ಮೇಲೆ ಹಾವನ್ನು ಬಿಡಬೇಕು. ಒಣಗಿದ ಮೇಲೂ ಮದ್ದಿನ ಅಂಶ ಹಲವು ದಿನ ಉಳಿಯುವುದರಿಂದ ತಡವಾಗಿ ಮೊಟ್ಟೆಯೊಡೆದು ಬರುವ ನುಸಿಗೂ ಅದು ಕಾದಿರುತ್ತದೆ. ಎಣ್ಣೆ, ನೀರುಗಳಿಗೆ ಇಲ್ಲದ ಗುಣ ಇದು.

ಆ "ಪೂರ್ತಿ ಒಣಗಿದ ಮೇಲೆ" ಎಂಬ ಮಾತನ್ನು ನಾನು ಓದಿದ್ದೆ. ಓದಿಯೂ ಅವಸರ ಮಾಡಿದೆ. ಆಫೀಸಿಗೆ ಹೊತ್ತಾಗಿತ್ತು, ಮುಟ್ಟಿದರೆ ಒಣಗಿದ ಹಾಗಿತ್ತು, ಮರಿಯನ್ನು ಬಿಟ್ಟು ಮುಚ್ಚಳ ಹಾಕಿ ಹೋದೆ. ಮಧ್ಯಾಹ್ನ ಮಗಳ ಫೋನು: "ಅಪ್ಪಾ, ಇದು ಬೆನ್ನಡಿಯಾಗಿ ಬಿದ್ದಿದೆ, ತಿರುಗೋಕೆ ಆಗ್ತಿಲ್ಲ." ತಲೆ ಓರೆಯಾಗಿ ನಡುಗುತ್ತಿತ್ತು. ಬೆಚ್ಚನೆ ನೀರಿನಲ್ಲಿ ತೊಳೆದು ಬೇರೆ ಡಬ್ಬಿಗೆ ಹಾಕಿ ಗಾಳಿಗಿಟ್ಟಳು. ವೈದ್ಯರೂ ಅದನ್ನೇ ಹೇಳಿದರು. ಮಾರನೆಯ ದಿನ ಸುಧಾರಿಸಿತು. ಮದ್ದು ಒಳ್ಳೆಯದೇ, ಆದರೆ ಮುಚ್ಚಳದಡಿಯ ಅದರ ಆವಿಯನ್ನು 10 ಗ್ರಾಮಿನ ಜೀವ ತಡೆಯುವುದಿಲ್ಲ. ಬೆಕ್ಕು, ಮೀನು ಇರುವ ಮನೆಯವರು ಇನ್ನೂ ಹುಷಾರಾಗಿರಬೇಕು, ಎರಡಕ್ಕೂ ಪರ್ಮೆತ್ರಿನ್ ವಿಷ.

ಡೈಕ್ಲೋರ್‌ವಾಸ್ ಎಂಬ ಕೀಟನಾಶಕದ ಪಟ್ಟಿಯನ್ನು ಡಬ್ಬಿಯಲ್ಲಿ ನೇತುಹಾಕುವ ಹಳೇ ಪದ್ಧತಿಯ ಬಗ್ಗೆ ಒಂದೇ ಮಾತು: ಬೇಡ. ನುಸಿ ತಿನ್ನುವ ನುಸಿಗಳನ್ನು ಬಿಡುವ ಹೊಸ ಪದ್ಧತಿ ಕೇಳಲು ಚೆಂದ. ಹಸಿರುಮನೆಗಳಲ್ಲಿ ಗಿಡದ ಬುಡದ ಕೀಟಗಳಿಗೆ ಬಳಸುವ ಸ್ಟ್ರಾಟಿಯೊಲೇಲಾಪ್ಸ್ ಎಂಬ ಬೇಟೆನುಸಿಯನ್ನು ತಂದು ಹಾವಿನ ಡಬ್ಬಿಯ ಮಣ್ಣಿಗೆ ಬಿಡುತ್ತಾರೆ. ಹಾವಿನ ಮೈ ಮುಟ್ಟದೆ ನೇರ ಸಂದಿಗಳಿಗೇ ಇಳಿಯುವ ಉಪಾಯ, ಹಾಗಾಗಿ ಇದರ ದಾರಿ ನನಗೆ ಹಿಡಿಸುತ್ತದೆ. ಆದರೆ ಅವಕ್ಕೆ ತೇವದ ಮಣ್ಣು ಬೇಕು, ವಿಷ ಆಗದು, ಹುರುಪೆಯಡಿ ಕೂತ ನುಸಿಯನ್ನು ಅವು ಎಳೆದು ತೆಗೆಯುವುದೂ ಕಷ್ಟ. ಮಣ್ಣು, ಗಿಡ ಇರುವ ದೊಡ್ಡ ಗೂಡಿಗೆ ಸರಿ. ಮರಿಯ ಡಬ್ಬಿಗೆ ಬಿಳಿ ಕಾಗದದ ಹಾಸೇ ಮೇಲು: ದಿನಾ ಬದಲಾಯಿಸಬಹುದು, ಮೊಟ್ಟೆಗೆ ಜಾಗವಿಲ್ಲ, ಚುಕ್ಕೆ ಬಿದ್ದರೆ ಕಾಣುತ್ತದೆ. ನಾವು ಹೊಟ್ಟು, ತೊಗಟೆ ಎಲ್ಲ ಚೀಲ ಕಟ್ಟಿ ಎಸೆದೆವು.

ಇನ್ನು ಬರದಂತೆ ನೋಡಿಕೊಳ್ಳುವುದು. ಹೊಸ ಹಾವನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿಡಬೇಕು, ಅದಕ್ಕೆ ಬೇರೆಯೇ ಚಿಮಟ, ಬಟ್ಟಲು ಇರಬೇಕು, ದಿನದ ಕೆಲಸದಲ್ಲಿ ಅದನ್ನು ಕೊನೆಗೆ ಮುಟ್ಟಬೇಕು, ಮೇಳದಿಂದ ಬಂದ ಕೂಡಲೇ ಬಟ್ಟೆ ಒಗೆಯಲು ಹಾಕಬೇಕು. ಎಲ್ಲ ಪುಸ್ತಕಗಳೂ ಇದನ್ನು ಹೇಳುತ್ತವೆ, ಎಲ್ಲವೂ ಕೊನೆಯ ಪುಟದಲ್ಲಿ ಹೇಳುತ್ತವೆ. ಮೊದಲ ಪುಟದಲ್ಲಿ ಬಣ್ಣದ ಡಬ್ಬಿ, ತೊಗಟೆಯ ಗುಹೆ, ಪ್ಲಾಸ್ಟಿಕ್ ಬಳ್ಳಿಗಳ ಚಿತ್ರವಿರುತ್ತದೆ. ನಾವು ಮೊದಲ ಪುಟದ ಪ್ರಕಾರ ಸಾಮಾನು ತಂದವರು. ಮಳಿಗೆಯವನೂ "ಆರೋಗ್ಯವಾಗಿದೆ" ಅಂದಿದ್ದ. ಅವನು ನೋಡಿದ್ದು ಹಾವನ್ನು ಮಾತ್ರ, ಅದಿದ್ದ ಡಬ್ಬಿಯನ್ನಲ್ಲ.

ಈಗ ಮಗಳ ಬಳಿ ಒಂದು ನೋಟ್‌ಬುಕ್ ಇದೆ. ಹಾವಿನ ಮೈಮೇಲೆ ನುಸಿ ಕಂಡಿತೋ ಇಲ್ಲವೋ ಎಂಬುದನ್ನು ಅದರಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ, ಬಟ್ಟಲಿನ ತಳದಲ್ಲಿ ಎಷ್ಟು ಚುಕ್ಕೆ ಎಂಬುದಷ್ಟೇ ಲೆಕ್ಕ. ಸತತ 42 ದಿನ ಸೊನ್ನೆ ಬಂದರೆ ಗೆದ್ದಂತೆ ಎಂದು ನಾವೇ ಮಾಡಿಕೊಂಡ ನಿಯಮ. ಮರಿ ಅಷ್ಟರಲ್ಲಿ ಒಮ್ಮೆ ಪೊರೆ ಬಿಟ್ಟಿತ್ತು, ಕಣ್ಣಿನ ಮೇಲಿನ ಪೊರೆಯೂ ಸೇರಿ ಇಡಿಯಾಗಿ ಕಳಚಿತ್ತು, ಮೈ ಫಳಫಳ ಹೊಳೆಯುತ್ತಿತ್ತು. 23ನೆಯ ದಿನ ಕಾಗದದ ಮೂಲೆಯಲ್ಲಿ ಒಂದು ಚುಕ್ಕೆ. ಕಾಫಿಪುಡಿ ಇರಬಹುದೇ ಎಂದು ನಾನು ಬಗ್ಗಿ ನೋಡಿದೆ. ಅದು ನಡೆಯಿತು. ಮಗಳು ಏನೂ ಹೇಳದೆ ಹೊಸ ಪುಟ ತಿರುವಿ, ಮೇಲೆ ದಿನಾಂಕ ಹಾಕಿ, ಪಕ್ಕದಲ್ಲಿ 1 ಎಂದು ಬರೆದಳು.